ಮುಂದೆ, ನಡುವೆ, ಹಿಂದೆ: ಹಳೆಯ ಪಂಕ್ ಬ್ಯಾಂಡ್‌ಗಳನ್ನು ಎಲ್ಲಿ ನಿಂತು ಕೇಳಬೇಕು?

ಒಂದೇ ರಾತ್ರಿ, ಒಂದೇ ಪುಟ್ಟ ಕ್ಲಬ್, ಮೂರು ಹಳೆಯ ಪಂಕ್ ಬ್ಯಾಂಡ್‌ಗಳು. ಪಂಕ್ ಅಂದರೆ ಪುಟ್ಟ ಹಾಡುಗಳ, ವೇಗದ, ಒರಟು ಸದ್ದಿನ ರಾಕ್ ಸಂಗೀತ. ಮೂರು ಬ್ಯಾಂಡಿಗೂ ಬೇಕಂತಲೇ ಬೇರೆ ಬೇರೆ ಕಡೆ ನಿಂತೆ. ಮೊದಲ ಬ್ಯಾಂಡಿಗೆ ಸ್ಟೇಜಿನ ಅಂಚಿಗೆ ಆತುಕೊಂಡು, ಎರಡನೆಯದಕ್ಕೆ ನಟ್ಟನಡುವೆ, ಜನ ಕುಣಿದು ನುಗ್ಗಾಡುವ ಪಿಟ್‌ನಲ್ಲಿ, ಮೂರನೆಯದಕ್ಕೆ ಹಿಂದೆ ಸೌಂಡ್ ಎಂಜಿನಿಯರ್ ಮೇಜಿನ ಪಕ್ಕ. ಇಷ್ಟು ವರ್ಷ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ನಿಂತು ಕೇಳಿ ಬರುತ್ತಿದ್ದೆ. ಆದರೆ ಈ ಬ್ಯಾಂಡ್‌ಗಳವರಿಗೆಲ್ಲ ಅರವತ್ತು ದಾಟಿದೆ, ಕೆಲವರಿಗೆ ಎಪ್ಪತ್ತು. ಇನ್ನೆಷ್ಟು ಸಲ ನೋಡಲು ಸಿಗುತ್ತಾರೋ! ಸಿಕ್ಕಿದಾಗ ಸರಿಯಾದ ಜಾಗದಲ್ಲಿ ನಿಲ್ಲಬೇಕು ಅನ್ನಿಸಿತು. ಬ್ಯಾಂಡ್‌ಗಳ ಹೆಸರು ಇಲ್ಲಿ ಬೇಡ. ನಾನು ತೂಗಿ ನೋಡುತ್ತಿರುವುದು ನಿಲ್ಲುವ ಜಾಗವನ್ನು.

ಹಾಡುಗಳ ನಡುವೆ ಜಾಗ ಬದಲಿಸೋಣ ಅಂದುಕೊಂಡರೆ ಪಂಕ್‌ನಲ್ಲಿ ಅದು ಆಗದ ಮಾತು. ರಾಮೋನ್ಸ್ ತಂಡದ 1976ರ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳಿವೆ, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಒಂದು ಹಾಡು ಮುಗಿಯಿತು ಅನ್ನುವಷ್ಟರಲ್ಲಿ 'ಒನ್, ಟೂ, ತ್ರೀ, ಫೋರ್' ಅಂತ ಮುಂದಿನದು ಶುರು. ಹಿಂದಿನಿಂದ ಜನರನ್ನು ಸರಿಸಿಕೊಂಡು ಮುಂದೆ ಬರುವಷ್ಟರಲ್ಲಿ ನಾಲ್ಕು ಹಾಡು ಕೈತಪ್ಪಿರುತ್ತವೆ. ಎಲ್ಲಿ ನಿಲ್ಲುವುದು ಅಂತ ಬ್ಯಾಂಡ್ ಬರುವ ಮೊದಲೇ ತೀರ್ಮಾನ ಆಗಬೇಕು.

ಮುಂದೆ ನಿಂತರೆ ಸಿಗುವುದು ಕೈ.

ಸ್ಟೇಜ್ ನನ್ನ ಸೊಂಟದಷ್ಟು ಎತ್ತರವೂ ಇರಲಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ದ, ಆ ರಾತ್ರಿಯ ಹಾಡುಗಳ ಪಟ್ಟಿ, ಅಂದರೆ ಸೆಟ್‌ಲಿಸ್ಟ್. ದಪ್ಪ ಮಾರ್ಕರ್‌ನಲ್ಲಿ ಬರೆದದ್ದು, ಒಂದೊಂದು ಅಕ್ಷರವೂ ಬೆರಳುದ್ದ. ಹತ್ತು ಹಾಡಿಗೇ ಹಾಳೆ ತುಂಬಿ, ಉಳಿದವು ಇನ್ನೊಂದು ಹಾಳೆಗೆ ಹೋಗಿದ್ದವು. ವಯಸ್ಸಾದ ಕಣ್ಣಿಗೆ ಆ ಮಬ್ಬಿನಲ್ಲಿ ಕಾಣಬೇಕಲ್ವಾ. ಪಕ್ಕದಲ್ಲಿ ಒಂದು ಚಿಕ್ಕ ಫ್ಯಾನ್, ಮಡಚಿಟ್ಟ ಟವೆಲ್.

ಗಿಟಾರ್ ನುಡಿಸುವವರು ನನ್ನಿಂದ ಎರಡು ಅಡಿ ದೂರದಲ್ಲಿದ್ದರು. ಪಂಕ್ ಗಿಟಾರ್‌ನಲ್ಲಿ ಡೌನ್‌ಸ್ಟ್ರೋಕ್ ಅಂತ ಒಂದಿದೆ. ತಂತಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯಬೇಕು. ಕೈ ವಾಪಸ್ ಮೇಲೆ ಹೋಗುವಾಗ ತಂತಿ ಮುಟ್ಟುವಂತಿಲ್ಲ. ರಾಮೋನ್ಸ್‌ನ ಗಿಟಾರ್ ವಾದಕ ಜಾನಿ ರಾಮೋನ್ ಹೆಸರಾಗಿದ್ದೇ ಇದಕ್ಕೆ. ಹೋಗುತ್ತಾ ಬರುತ್ತಾ ಎರಡೂ ಕಡೆ ಹೊಡೆದರೆ ಶ್ರಮ ಅರ್ಧ ಉಳಿಯುತ್ತದೆ, ಆದರೆ ಗರಗಸ ಎಳೆದಂಥ ಆ ಒಂದೇ ಹದದ ಸದ್ದು ಬರುವುದಿಲ್ಲ. ಈ ಮನುಷ್ಯ ಮೂರನೆಯ ಹಾಡಿನಿಂದಲೇ, ಹಾಡು ನಿಂತ ತಕ್ಷಣ, ಮಣಿಕಟ್ಟನ್ನು ತೊಡೆಗೆ ಉಜ್ಜಿಕೊಳ್ಳುತ್ತಿದ್ದರು. ಬೆರಳು ಬಿಚ್ಚಿ ಮಡಚುತ್ತಿದ್ದರು. ಎಣಿಕೆ ಶುರುವಾಯಿತೋ, ಮತ್ತೆ ಕೆಳಕ್ಕೆ, ಕೆಳಕ್ಕೆ, ಕೆಳಕ್ಕೆ. ಕೊನೆಯ ಹಾಡಿನವರೆಗೂ ಒಂದೇ ಒಂದು ಸಲ ಸುಲಭದ ದಾರಿ ಹಿಡಿಯಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಹಿಂದೆ ನಿಂತವರಿಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ.

ಆದರೆ ಅಲ್ಲಿ ಹಾಡಿನ ಮಾತು ಕೇಳುವುದಿಲ್ಲ. ಇದಕ್ಕೆ ಕಾರಣ ಇದೆ. ಚಿಕ್ಕ ಜಾಗದಲ್ಲಿ ಡ್ರಮ್ಸ್ ಮತ್ತು ಗಿಟಾರ್ ಆ್ಯಂಪ್‌ನ ಸದ್ದು ಸ್ಟೇಜಿನಿಂದ ನೇರವಾಗಿ ನಮ್ಮ ಮುಖಕ್ಕೇ ಬರುತ್ತದೆ. ಹಾಡುವವರ ದನಿ ಮಾತ್ರ ಎರಡು ಬದಿಯ ದೊಡ್ಡ ಸ್ಪೀಕರ್‌ಗಳಿಂದ ಬರಬೇಕು. ಅವು ನಮ್ಮ ಅಕ್ಕಪಕ್ಕದಲ್ಲಿ, ನಮ್ಮ ಹಿಂದಿರುವ ಜನರ ಕಡೆಗೆ ತಿರುಗಿ ನಿಂತಿರುತ್ತವೆ. ಗಾಯಕರ ಬಾಯಿ ಆಡುವುದು ಕಾಣುತ್ತದೆ, ಕಿವಿಗೆ ಬೀಳುವುದು ಗಿಟಾರ್ ಮಾತ್ರ. ಹಾಡು ಮೊದಲೇ ಬಾಯಿಪಾಠ ಆಗಿದ್ದರೆ ತೊಂದರೆ ಇಲ್ಲ, ತಲೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಹೊಸ ಹಾಡು ಬಂದರೆ ಏನೂ ಗೊತ್ತಾಗುವುದಿಲ್ಲ.

ಇನ್ನು ಪಿಟ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಕೇಳುವುದೂ ಕಡಿಮೆ, ನೋಡುವುದೂ ಕಡಿಮೆ. 1976–77ರ ಬ್ರಿಟನ್ನಿನಲ್ಲಿ ನಿಂತಲ್ಲೇ ಮೇಲೆ ಕೆಳಗೆ ಕುಪ್ಪಳಿಸುವ ಪೋಗೋ ಇತ್ತು. ಮೈಗೆ ಮೈ ತಾಗಿಸಿ ನುಗ್ಗುವ ಪದ್ಧತಿ ಆಮೇಲೆ ಕ್ಯಾಲಿಫೋರ್ನಿಯಾದ ಹಾರ್ಡ್‌ಕೋರ್ (ಇನ್ನೂ ವೇಗದ, ಇನ್ನೂ ಒರಟಾದ ಪಂಕ್) ಹುಡುಗರಿಂದ ಹಬ್ಬಿತು. ಆ ರಾತ್ರಿ ಎರಡೂ ಇದ್ದವು. ನನ್ನ ಪಕ್ಕ ನರೆಗೂದಲಿನವರು ಕುಪ್ಪಳಿಸುತ್ತಿದ್ದರು, ಅವರ ಮಕ್ಕಳ ವಯಸ್ಸಿನವರು ಸುತ್ತು ಹಾಕುತ್ತಾ ನುಗ್ಗುತ್ತಿದ್ದರು. ನಾಲ್ಕನೆಯ ಹಾಡಿಗೆ ಯಾರದೋ ಮೊಣಕೈ ಪಕ್ಕೆಗೆ ತಾಗಿ, ಕಾಲು ಜಾರಿ ಬಿದ್ದೆ. ನೆಲ ಮುಟ್ಟಿದ್ದು ಗೊತ್ತಾಗುವ ಮೊದಲೇ ನಾಲ್ಕು ಕಡೆಯಿಂದ ಕೈ ಬಂದು ಎತ್ತಿ ನಿಲ್ಲಿಸಿದವು. ಒಬ್ಬರು ನನ್ನ ಕಳಚಿದ ಶೂ ಎತ್ತಿ ಹಿಡಿದು, ಮೊಬೈಲ್ ಟಾರ್ಚ್ ಹಾಕಿ, ನಾನು ಲೇಸ್ ಕಟ್ಟಿಕೊಳ್ಳುವವರೆಗೂ ಬೆನ್ನು ಅಡ್ಡ ಕೊಟ್ಟು ನಿಂತರು. ಬಿದ್ದವರನ್ನು ಎತ್ತುವುದು ಪಿಟ್‌ನ ಮೊದಲ ನಿಯಮ ಅಂತ ಕೇಳಿದ್ದೆ. ಅನುಭವಕ್ಕೆ ಬಂದದ್ದು ಆವತ್ತು.

ಪಿಟ್‌ನಲ್ಲಿ ಬೇರೆಲ್ಲೂ ಸಿಗದ್ದು ಒಂದಿದೆ. ಪಲ್ಲವಿ ಬಂದಾಗ ಬ್ಯಾಂಡಿನ ದನಿ ಮುಳುಗಿ ಹೋಗುತ್ತದೆ, ಸುತ್ತಲಿನವರು ಹಾಡುವುದೇ ಕೇಳುತ್ತದೆ. ಗಾಯಕರು ಮೈಕ್ ಕೆಳಗಿಳಿಸಿ ಉಸಿರು ತೆಗೆದುಕೊಂಡರು. ಹಾಡು ನಿಲ್ಲಲಿಲ್ಲ, ಜನ ಎತ್ತಿಕೊಂಡರು. ಎರಡು ಮೂರು ಹಾಡಿಗೆ ಇದು ಸಾಕು. ಪೂರ್ತಿ ಹೊತ್ತು ಇರುವ ಶಕ್ತಿ ನನ್ನ ಮೊಣಕಾಲಿಗಿಲ್ಲ. ಕನ್ನಡಕ ಇರುವವರು, ಬೆನ್ನುನೋವು ಇರುವವರು ಅಂಚಿನಲ್ಲೇ ನಿಲ್ಲಿ.

ಮೂರನೆಯ ಬ್ಯಾಂಡಿಗೆ ಹಿಂದೆ ಹೋದೆ. ನಿಜ ಹೇಳಬೇಕೆಂದರೆ, ಅಲ್ಲಿ ಹೋಗಿ ನಿಂತ ಮೇಲೆ ನನಗೆ ಆ ಹಾಡುಗಳು ಮೊದಲ ಸಲ ಕೇಳಿಸಿದ ಹಾಗಾಯಿತು. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಹೇಗೆ ಬರುತ್ತದೋ ಹಾಗೆ ಸದ್ದನ್ನು ಹೊಂದಿಸುತ್ತಾರೆ. ಹಾಗಾಗಿ ಇಡೀ ಕೋಣೆಯಲ್ಲಿ ಅದು ಸರಿಯಾಗಿ ಕೂರುವುದು ಅವರ ಪಕ್ಕದಲ್ಲಿ. ಮಾತು ಸ್ಪಷ್ಟ. ಬೇಸ್ ಗಿಟಾರ್ ಬರೀ ಗುಡುಗದೆ ರಾಗವಾಗಿ ಹರಿಯುತ್ತಿತ್ತು. ಹಳೆಯ ರೆಕಾರ್ಡ್‌ನಲ್ಲಿದ್ದದ್ದಕ್ಕಿಂತ ಶ್ರುತಿ ಸ್ವಲ್ಪ ಕೆಳಗಿತ್ತು. ವಯಸ್ಸಾದ ಗಂಟಲಿಗೆ ಮೇಲಿನ ಸ್ವರ ಕಷ್ಟ, ಅದಕ್ಕೇ ಇಳಿಸಿಕೊಂಡಿದ್ದಾರೆ. ನನಗೆ ಅದು ಹಿತವಾಗಿಯೇ ಕೇಳಿತು.

ಎಂಜಿನಿಯರ್ ಒಂದು ಬೆರಳನ್ನು ಗಾಯಕರ ದನಿಯನ್ನು ಏರಿಸಿ ಇಳಿಸುವ ಗುಂಡಿ, ಅಂದರೆ ಫೇಡರ್ ಮೇಲಿಂದ ತೆಗೆಯಲೇ ಇಲ್ಲ. ಸಾಲಿನ ಕೊನೆಗೆ ದನಿ ಕುಗ್ಗುವಾಗ ಕೂದಲೆಳೆಯಷ್ಟು ಮೇಲೆ, ಕೂಗು ಬರುವ ಮೊದಲು ಮತ್ತೆ ಕೆಳಗೆ. ಯಾವ ಸಾಲಿನಲ್ಲಿ ಉಸಿರು ಸಾಲುವುದಿಲ್ಲ ಅನ್ನುವುದು ಆಕೆಗೆ ಬಾಯಿಪಾಠವಾಗಿತ್ತು. ಹಾಡುಗಳ ನಡುವೆ ಗಾಯಕರು ಆಡಿದ ನಾಲ್ಕು ಮಾತು, ತೀರಿಹೋದ ಗೆಳೆಯನನ್ನು ನೆನೆದದ್ದು, ಎಲ್ಲ ಕೇಳಿಸಿತು. ಮುಂದೆ ನಿಂತಿದ್ದರೆ ಇದು ತಪ್ಪಿಹೋಗುತ್ತಿತ್ತು.

ಹಿಂದಿನ ಕೊರತೆ ಎರಡು. ಎತ್ತರದವರ ತಲೆ ಅಡ್ಡ ಬರುತ್ತದೆ, ಸ್ಟೇಜ್ ತಗ್ಗಾಗಿರುವುದರಿಂದ ಭುಜದ ಮೇಲಿನ ಭಾಗ ಮಾತ್ರ ಕಾಣುತ್ತದೆ. ಇನ್ನೊಂದು, ಸುಮ್ನೆ ಹರಟೆಗೆ ಬಂದವರೆಲ್ಲ ಅಲ್ಲೇ ಸೇರುತ್ತಾರೆ. ಹಿಂಗೋಡೆಗೆ ಒರಗಿಯೂ ನಿಲ್ಲಬೇಡಿ. ಗೋಡೆಯ ಹತ್ತಿರ ತಗ್ಗು ಸ್ವರಗಳು ಒಟ್ಟಾಗಿ ಮಂದವಾಗಿ ಗುಂಯ್ಗುಡುತ್ತವೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ತಿಳಿಯಾಗುತ್ತದೆ.

ಕಿವಿಯ ವಿಷಯ ಬಿಡುವ ಹಾಗಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ ಅನ್ನುವುದು ಕೆಲಸದ ಜಾಗಗಳಿಗೆ ಅಮೆರಿಕದ ತಜ್ಞ ಸಂಸ್ಥೆ ಕೊಡುವ ಲೆಕ್ಕ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಪಂಕ್ ಕ್ಲಬ್‌ನಲ್ಲಿ ಆ ಮಟ್ಟ ಮುಟ್ಟುವುದು ಕಷ್ಟವಲ್ಲ. ಮೊದಲ ಬ್ಯಾಂಡಿಗೆ ಫೋಮ್ ಇಯರ್‌ಪ್ಲಗ್ ಹಾಕಿದ್ದೆ. ಅದು ಮೇಲಿನ ಸ್ವರಗಳನ್ನು ಜಾಸ್ತಿ ನುಂಗುತ್ತದೆ, ಎಲ್ಲ ಕಂಬಳಿ ಹೊದ್ದು ಕೇಳಿದ ಹಾಗೆ. ಆಮೇಲೆ ಸಂಗೀತಗಾರರು ಹಾಕುವ ಫಿಲ್ಟರ್ ಇರುವ ಪ್ಲಗ್‌ಗೆ ಬದಲಾಯಿಸಿದೆ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತದೆ, ಹಾಡು ಹಾಡಾಗಿಯೇ ಉಳಿಯುತ್ತದೆ. ಬೆಲೆ ಜಾಸ್ತಿ, ಆದರೂ ಕೊಳ್ಳಿ. ಹಿಂದೊಮ್ಮೆ ಏನೂ ಇಲ್ಲದೆ ಸ್ಪೀಕರ್ ಎದುರು ನಿಂತು, ಮೂರು ದಿನ ಕಿವಿಯಲ್ಲಿ ಸಿಳ್ಳೆ ಹೊತ್ತುಕೊಂಡು ಓಡಾಡಿದ್ದೇನೆ.

ಹಾಗಾದರೆ ಯಾವುದು ಮೇಲು? ಕಿವಿಯನ್ನು ಕೇಳಿದರೆ ಸೌಂಡ್ ಎಂಜಿನಿಯರ್ ಮೇಜಿನ ಪಕ್ಕವೇ, ಅದರಲ್ಲಿ ಎರಡು ಮಾತಿಲ್ಲ. ಹಾಡುಗಳು ಅಷ್ಟಾಗಿ ಪರಿಚಯವಿಲ್ಲದಿದ್ದರೆ ಅಲ್ಲೇ ನಿಲ್ಲಿ. ಆದರೆ ವರ್ಷಗಟ್ಟಲೆ ಕೇಳಿ ಬೆಳೆದ ಬ್ಯಾಂಡ್ ಆದರೆ ನಾನು ಮುಂದೆಯೇ ಹೋಗುತ್ತೇನೆ. ಹಾಡು ನನ್ನ ಹತ್ತಿರ ರೆಕಾರ್ಡ್‌ನಲ್ಲಿದೆ, ಯಾವಾಗ ಬೇಕಾದರೂ ಕೇಳಬಹುದು. ಮನುಷ್ಯರು ಹಾಗಲ್ಲ. ಬಝ್‌ಕಾಕ್ಸ್ ಅನ್ನುವ ಇಂಗ್ಲಿಷ್ ಪಂಕ್ ಬ್ಯಾಂಡಿನ ಗಾಯಕ ಪೀಟ್ ಶೆಲ್ಲಿ 2018ರಲ್ಲಿ ತೀರಿಕೊಂಡರು. ಈಗ ಸ್ಟೀವ್ ಡಿಗಲ್ ಮುಂದೆ ನಿಂತು ಬ್ಯಾಂಡ್ ನಡೆಸುತ್ತಿದ್ದಾರೆ. ಇನ್ನೊಂದು ಇಂಗ್ಲಿಷ್ ಪಂಕ್ ಬ್ಯಾಂಡ್ ಯುಕೆ ಸಬ್ಸ್‌ನ ಗಾಯಕ ಚಾರ್ಲಿ ಹಾರ್ಪರ್ ಹುಟ್ಟಿದ್ದು 1944ರಲ್ಲಿ. 1976ರಲ್ಲಿ ಬ್ಯಾಂಡ್ ಕಟ್ಟುವಾಗಲೇ ಮೂವತ್ತು ದಾಟಿತ್ತು. ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಆಲ್ಬಮ್ ಅಂತ ಹಟ ಹಿಡಿದು, 2016ರಲ್ಲಿ ಕೊನೆಯ ಅಕ್ಷರ ಮುಟ್ಟಿದರು. ಇಂಥವರ ಕೈ, ಬೆವರು, ಹಾಡಿನ ನಡುವಿನ ನಗು ನಾಲ್ಕು ಅಡಿ ದೂರದಿಂದ ಕಾಣುವುದಾದರೆ ಮಾತು ಸ್ವಲ್ಪ ಕೇಳದಿದ್ದರೂ ಪರವಾಗಿಲ್ಲ.

ಮುಂದೆ ಅಂದರೂ ನಟ್ಟನಡುವೆ ಅಲ್ಲ, ಅಲ್ಲಿ ಪಿಟ್ ಬೆನ್ನಿಗೆ ಒತ್ತುತ್ತದೆ. ಗಿಟಾರ್ ಇರುವ ಬದಿಗೆ, ಸ್ಪೀಕರ್‌ನಿಂದ ಎರಡು ಮಾರು ಒಳಗೆ. ಮುಂದಿನ ತಿಂಗಳು ಅದೇ ಗಿಟಾರ್‌ನವರ ಬ್ಯಾಂಡ್ ಮತ್ತೆ ಬರುತ್ತಿದೆ. ಬಾಗಿಲು ತೆಗೆಯುವ ಮೊದಲೇ ಹೋಗಿ ಆ ಜಾಗ ಹಿಡಿಯುತ್ತೇನೆ, ಫಿಲ್ಟರ್ ಪ್ಲಗ್ ಹಾಕಿಕೊಂಡು, ಶೂ ಲೇಸಿಗೆ ಎರಡು ಗಂಟು ಬಿಗಿದು.