ಕರಿದೆಣ್ಣೆಯ ನೀರಿಗೆ ಯಾವ ಮೆಂಬ್ರೇನ್: ಪಾಲಿಮರಾ, ಸೆರಾಮಿಕ್ಕಾ?

ಪುಣೆಯ ಭೋಸರಿಯಲ್ಲಿ ಚಿಪ್ಸ್, ಫರಸಾಣ ಕರಿಯುವ ನಮ್ಮ ಕನ್ನಡದವರೇ, ತೊಳೆದ ನೀರಿನ ಮೇಲೆ ತೇಲುವ ಎಣ್ಣೆಯನ್ನು ಗ್ರೀಸ್ ಟ್ರ್ಯಾಪ್ ಹಿಡಿಯುತ್ತದೆ. ಸೋಪು ಬೆರೆತು ಹಾಲಿನಂತೆ ಬೆಳ್ಳಗಾದ ನೀರು ಅದಕ್ಕೆ ಬಗ್ಗುವುದಿಲ್ಲ. ಅಲ್ಲಿ ಅಲ್ಟ್ರಾಫಿಲ್ಟ್ರೇಶನ್ ಬೇಕು, ಅಂದರೆ ಅತಿ ಸಣ್ಣ ರಂಧ್ರಗಳ ಪೊರೆಯ (ಮೆಂಬ್ರೇನ್) ಮೂಲಕ ನೀರನ್ನು ಒತ್ತಿ ಸೋಸುವುದು.

ಪಾಲಿಮರ್, ಅಂದರೆ ಪ್ಲಾಸ್ಟಿಕ್ ಜಾತಿಯ ಪೊರೆ, ಅಗ್ಗ. ಆದರೆ ಸಾಮಾನ್ಯವಾಗಿ 40 ಡಿಗ್ರಿ ದಾಟಿದ ನೀರು ಅದಕ್ಕೆ ಆಗಿಬರುವುದಿಲ್ಲ. ಜಿಡ್ಡು ಕೂತರೆ ತೀರಾ ಕಟುವಾದ ರಾಸಾಯನಿಕ ಹಾಕಿ ತೊಳೆಯುವ ಹಾಗೂ ಇಲ್ಲ.

ಸೆರಾಮಿಕ್, ಅಂದರೆ ಪಿಂಗಾಣಿಯಂಥ ಪೊರೆ, ಕೊಳ್ಳುವಾಗ ಜೇಬಿಗೆ ಜಾಸ್ತಿ ಭಾರ. ಆದರೆ ಬಿಸಿ ಕಾಸ್ಟಿಕ್ ಸೋಡಾ ಹಾಯಿಸಿದರೂ ಜಗ್ಗುವುದಿಲ್ಲ, ಜಿಡ್ಡು ಬಿಟ್ಟು ನೀರು ಮತ್ತೆ ಸರಾಗ ಹರಿಯುತ್ತದೆ. ಇಡೀ ದಿನ ಬಾಣಲೆ ಇಳಿಸದವರು ಇದನ್ನೇ ಹಾಕಿಸಿ. ಬಿಸಿ ನೀರು ತಣಿಸಲು ಟ್ಯಾಂಕ್ ಇರುವ ಸಣ್ಣ ಘಟಕಕ್ಕೆ ಪಾಲಿಮರ್ ಸಾಕು.

ಎರಡರಲ್ಲೂ ಕರಗಿದ ಉಪ್ಪು, ಸಕ್ಕರೆ ಸುಮ್ನೆ ದಾಟಿಹೋಗುತ್ತವೆ. ಆಮೇಲೆ ಸಕ್ಕರೆಯಂಥದ್ದನ್ನು ಸೂಕ್ಷ್ಮಾಣುಗಳಿಗೆ ತಿನ್ನಿಸುವ ಜೈವಿಕ ಶುದ್ಧೀಕರಣ ಬೇಕೇ ಬೇಕು. ಪವನಾ, ಇಂದ್ರಾಯಣಿ ನದಿಗಳು ನಮ್ಮ ಪಕ್ಕದಲ್ಲೇ ಇವೆ ಅಲ್ವಾ? ನದಿಗೆ ಬಿಡುವ ನೀರಿನಲ್ಲಿ ಎಣ್ಣೆ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು.