ಬಿಸಿಲು ಬೀಳುವ ಹಾಲ್‌ಗೆ ವಿನೈಲ್ ನೆಲ ಹಾಕಿಸುವ ಮುನ್ನ ಇದನ್ನು ಓದಿ

ಮೇಲಿನ ಮಹಡಿಯ ಮನೆ, ಪಶ್ಚಿಮಕ್ಕೆ ಆಳೆತ್ತರದ ಗಾಜಿನ ಕಿಟಕಿ, ಅದರ ಮುಂದೆ ಗಾಢ ಕಂದು ಬಣ್ಣದ ವಿನೈಲ್ ಹಲಗೆ. ಈ ಮೂರೂ ಒಂದೇ ಕಡೆ ಸೇರುವ ಹಾಗಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಸ್ವಲ್ಪ ತಡೆಯಿರಿ. ನಮ್ಮ ಮನೆಯಲ್ಲಿ ಮೂರೂ ಸೇರಿದ್ದವು. ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಕಿಟಕಿ ಪಕ್ಕದ ಹಲಗೆಗಳು ನೆಲ ಬಿಟ್ಟು ಎದ್ದಿದ್ದವು. ಕಾಲಿಟ್ಟರೆ ಕುಗ್ಗುತ್ತಿದ್ದವು, ಕಾಲೆತ್ತಿದರೆ ಮತ್ತೆ ಮೇಲೇಳುತ್ತಿದ್ದವು. ರಾತ್ರಿ ತಣ್ಣಗಾದ ಮೇಲೆ ನೋಡಿದರೆ ಬಾಗಿಲ ಕಡೆಯ ಸಾಲಿನಲ್ಲಿ ಬೆರಳುಗುರು ಹೋಗುವಷ್ಟು ಸಂದು.

ಮಾರಿದವರು ಹೇಳಿದ್ದರಲ್ಲಿ ಹೆಚ್ಚಿನದು ಸುಳ್ಳಲ್ಲ. ಮರದ ಹಾಗೆ ಕಾಣುತ್ತದೆ, ನೀರು ಬಿದ್ದರೆ ಉಬ್ಬುವುದಿಲ್ಲ, ಹಳೆಯ ಟೈಲ್ಸ್ ಒಡೆಯುವ ಧೂಳಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಎಲ್ಲವೂ ನಿಜ. "ಮಧ್ಯಾಹ್ನದ ಮೇಲೆ ಇಲ್ಲಿ ನೇರ ಬಿಸಿಲು ಬೀಳುತ್ತೆ, ಪರವಾಗಿಲ್ವಾ?" ಎಂದು ಕೇಳಿದ್ದಕ್ಕೆ ಮಾತ್ರ, "ಏನೂ ಆಗಲ್ಲ ಮೇಡಂ, ಮುಟ್ಟಿ ನೋಡಿ, ಎಷ್ಟು ತಂಪಾಗಿದೆ" ಎಂದು ಸ್ಯಾಂಪಲ್ ತುಂಡನ್ನು ಕೈಗಿಟ್ಟರು. ಶೋರೂಮಿನಲ್ಲಿ ಎಸಿ ಓಡುತ್ತಿತ್ತು. ಅಲ್ಲಿ ಯಾವುದನ್ನು ಮುಟ್ಟಿದರೂ ತಂಪೇ.

ಈ ಮುಟ್ಟಿ ನೋಡುವ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಲ್ಲು, ಟೈಲ್ಸ್ ಕೊಳ್ಳುವವರೂ ಇದನ್ನೇ ನಂಬುತ್ತಾರೆ. ನಮ್ಮ ಚರ್ಮದ ಉಷ್ಣತೆ ಸಾಮಾನ್ಯವಾಗಿ 32-34 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ನೆಲ ಅದಕ್ಕಿಂತ ತಣ್ಣಗಿದ್ದರೆ ಪಾದದ ಬಿಸಿ ನೆಲಕ್ಕೆ ಇಳಿಯುತ್ತದೆ. ಎಷ್ಟು ಬೇಗ ಇಳಿಯುತ್ತದೋ ಅಷ್ಟು ತಂಪು ಅನ್ನಿಸುತ್ತದೆ. ಗ್ರಾನೈಟಿನಲ್ಲಿ ಶಾಖ ಹರಿಯುವ ವೇಗ ವಿನೈಲಿನದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಒಂದೇ ಕೋಣೆಯಲ್ಲಿ, ಒಂದೇ ಉಷ್ಣತೆಯಲ್ಲಿ ಪಕ್ಕಪಕ್ಕ ಇಟ್ಟರೂ ಕಲ್ಲು ಹೆಚ್ಚು ತಣ್ಣಗೆ ಅನ್ನಿಸುವುದು ಇದರಿಂದಲೇ. ಆದರೆ ನೆಲ 33 ಡಿಗ್ರಿ ದಾಟಿದ ಕೂಡಲೇ ಲೆಕ್ಕ ತಿರುಗುತ್ತದೆ. ಅದುವರೆಗೆ ಪಾದದಿಂದ ಬಿಸಿ ಎಳೆದುಕೊಳ್ಳುತ್ತಿದ್ದ ಅದೇ ಕಲ್ಲು ಈಗ ಅಷ್ಟೇ ಜೋರಾಗಿ ಪಾದಕ್ಕೆ ಬಿಸಿ ತುಂಬುತ್ತದೆ. ಆದ್ದರಿಂದ 'ಕಲ್ಲು ತಂಪು' ಎನ್ನುವುದು ನೆರಳಿನ ಕೋಣೆಗೆ ಮಾತ್ರ ಸತ್ಯ. ಬಿಸಿಲು ಬೀಳುವ ಜಾಗದ ಕಪ್ಪು ಗ್ರಾನೈಟಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ.

ನೆಲ ಯಾವ ಮಹಡಿಯಲ್ಲಿದೆ ಎಂಬುದನ್ನೂ ಯಾವ ಅಂಗಡಿಯವರೂ ಕೇಳುವುದಿಲ್ಲ. ನೆಲಮಹಡಿಯ ನೆಲ ಮಣ್ಣಿಗೆ ತಾಗಿರುತ್ತದೆ. ಮಣ್ಣು ಹಗಲಿನ ಬಿಸಿಗೆ ಅಷ್ಟು ಬೇಗ ಏರುವುದಿಲ್ಲ, ಹಾಗಾಗಿ ಅಲ್ಲಿ ಕಲ್ಲು, ಟೈಲ್ಸ್, ಸಿಮೆಂಟು ಏನು ಹಾಕಿದರೂ ಬೇಸಿಗೆಯಲ್ಲಿ ಒಂದಿಷ್ಟು ತಂಪು ಸಿಗುತ್ತದೆ. ಮೇಲಿನ ಮಹಡಿಯಲ್ಲಿ ಸ್ಲ್ಯಾಬಿನ ಕೆಳಗಿರುವುದು ಇನ್ನೊಂದು ಬಿಸಿ ಕೋಣೆ, ನೆತ್ತಿಯ ಮೇಲೆ ಕಾದ ತಾರಸಿ. ಅಲ್ಲಿ ನೆಲ ಬದಲಿಸಿದರೆ ಮನೆ ತಂಪಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ದುಡ್ಡನ್ನು ಮೊದಲು ತಾರಸಿಗೆ ಬಿಳಿ ಬಣ್ಣ ಬಳಿಸಲು, ಕಿಟಕಿಯ ಹೊರಗೆ ನೆರಳು ಮಾಡಿಸಲು ಹಾಕಿ. ಪರದೆಯನ್ನು ಗಾಜಿನ ಒಳಗಡೆ ಕಟ್ಟಿದರೆ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿರುತ್ತದೆ.

ಈಗ ನಮ್ಮ ಹಲಗೆಗಳ ಕಥೆ. ವಿನೈಲ್ ಅಂದರೆ ಪಿವಿಸಿ. ಒಂದು ಮೀಟರ್ ಉದ್ದದ ಪಿವಿಸಿ 10 ಡಿಗ್ರಿ ಕಾದರೆ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಹಿಗ್ಗುತ್ತದೆ. ಟೈಲ್ಸ್ ಹಿಗ್ಗುವುದು ಅದರ ಸುಮಾರು ಹತ್ತನೇ ಒಂದು ಭಾಗ. ಆರು ಮೀಟರ್ ಹಾಲ್‌ನಲ್ಲಿ ನೆಲ 25 ಡಿಗ್ರಿ ಕಾಯಿತೆಂದರೆ ಏಳೆಂಟು ಮಿಲಿಮೀಟರಾದರೂ ಜಾಗ ಬೇಕು. ಕಲ್ಲಿನ ಪುಡಿ ಬೆರೆಸಿದ ಎಸ್‌ಪಿಸಿ ಹಲಗೆ ಇದಕ್ಕಿಂತ ಕಡಿಮೆ ಹಿಗ್ಗುತ್ತದೆ, ನಿಜ, ಆದರೂ ಹಿಗ್ಗದೆ ಇರುವುದಿಲ್ಲ. ಇದೇ ಕಾರಣಕ್ಕೆ ಗೋಡೆಯ ಸುತ್ತ ಸಂದು ಬಿಟ್ಟು, ಅದನ್ನು ಸ್ಕರ್ಟಿಂಗ್‌ನಿಂದ ಮುಚ್ಚಬೇಕು ಎಂದು ಕಂಪನಿಗಳೇ ತಮ್ಮ ಕೈಪಿಡಿಯಲ್ಲಿ ಬರೆದಿರುತ್ತವೆ. ನಮ್ಮಲ್ಲಿ ಸ್ಕರ್ಟಿಂಗ್ ಕಿತ್ತು ನೋಡಿದಾಗ ಹಲಗೆ ಗೋಡೆಗೆ ಅಂಟಿಕೊಂಡೇ ಇತ್ತು. ಅದು ಸಾಲದು ಎಂಬಂತೆ ಭಾರದ ವಾರ್ಡ್‌ರೋಬನ್ನು ಹಲಗೆಯ ಮೇಲೇ ನಿಲ್ಲಿಸಿ ಗೋಡೆಗೆ ಸ್ಕ್ರೂ ಹೊಡೆದಿದ್ದರು. ಎರಡು ಕಡೆಯಿಂದಲೂ ಕಟ್ಟಿಹಾಕಿದ ಮೇಲೆ ಹಲಗೆಗೆ ಉಳಿದ ದಾರಿ ಮೇಲಕ್ಕೊಂದೇ.

ಕೆಳಗೆ ಹಾಸಿದ ಫೋಮ್ ಇನ್ನೊಂದು ಕಿರಿಕಿರಿ. ಸದ್ದು ಕಡಿಮೆಯಾಗಲಿ, ಮೆತ್ತಗಿರಲಿ ಎಂದು ಅದನ್ನು ಹಾಕುತ್ತಾರೆ. ಚಳಿಯ ಊರುಗಳಿಗೆ ಬಹಳ ಒಳ್ಳೆಯದು. ಆದರೆ ಫೋಮ್ ಶಾಖವನ್ನು ಕೆಳಗಿನ ಸ್ಲ್ಯಾಬಿಗೆ ಬಿಡುವುದಿಲ್ಲ. ಟೈಲ್ಸ್ ನೇರವಾಗಿ ಸ್ಲ್ಯಾಬಿಗೆ ಕೂತಿದ್ದರೆ ಬಿದ್ದ ಬಿಸಿ ಅಷ್ಟು ದಪ್ಪದ ಕಾಂಕ್ರೀಟಿಗೆಲ್ಲ ಹಂಚಿಹೋಗುತ್ತದೆ, ಮೇಲ್ಮೈ ಅಷ್ಟಾಗಿ ಕಾಯುವುದಿಲ್ಲ. ಇಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಹಲಗೆಯಲ್ಲೇ ಎಲ್ಲ ಬಿಸಿಯೂ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಗಾಢ ಬಣ್ಣ ಬೇರೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದರೆ ಸೋಫಾದ ಹಿಂದಿನ ನೆರಳಲ್ಲಿ 35 ಡಿಗ್ರಿ ಇದ್ದ ನೆಲ ಬಿಸಿಲ ಪಟ್ಟಿಯಲ್ಲಿ 50 ದಾಟಿತ್ತು. ಅಂಬೆಗಾಲಿಡುವ ಮಗುವಿರುವ ಮನೆಯಾಗಿದ್ದರೆ ಏನು ಗತಿ!

ವಾರಂಟಿ ಕೇಳಲು ಹೋದಾಗ ಕಾಗದದ ಹಿಂಬದಿ ತೋರಿಸಿದರು. ನೇರ ಬಿಸಿಲಿನಿಂದ ಆದ ಬಾಗುವಿಕೆ, ಬಣ್ಣ ಮಾಸುವಿಕೆ ವಾರಂಟಿಯಲ್ಲಿ ಸೇರುವುದಿಲ್ಲ. ರಬ್ಬರ್ ತಳದ ಮ್ಯಾಟಿನಿಂದ ಆದ ಹಳದಿ ಕಲೆಯೂ ಸೇರುವುದಿಲ್ಲ (ಆ ಕಲೆಯೂ ನಮ್ಮಲ್ಲಿತ್ತು, ರಬ್ಬರಿನಲ್ಲಿರುವ ರಾಸಾಯನಿಕ ವಿನೈಲಿನೊಳಗೆ ಇಳಿದು ಆಗುವಂಥದ್ದು, ಎಷ್ಟು ಉಜ್ಜಿದರೂ ಹೋಗಲಿಲ್ಲ). ಹಾಕಿದ ರೀತಿ ಸರಿಯಿಲ್ಲ ಎಂದರೆ ಅಂಗಡಿಯವರು ಕಾಂಟ್ರಾಕ್ಟರ್ ಕಡೆ ಬೆರಳು ಮಾಡಿದರು, ಕಾಂಟ್ರಾಕ್ಟರ್ ಮಾಲಿನ ಕಡೆ. ಆದ್ದರಿಂದ ಮಾಲು ಕೊಳ್ಳುವ ಮುಂಚೆಯೇ ವಾರಂಟಿ ಕಾಗದ ತರಿಸಿಕೊಂಡು ಏನೇನು ಸೇರುವುದಿಲ್ಲ ಎಂಬ ಭಾಗವನ್ನು ಮೊದಲು ಓದಿ. ಎಷ್ಟು ಡಿಗ್ರಿವರೆಗೆ ತಡೆಯುತ್ತದೆ, ಗೋಡೆಯಿಂದ ಎಷ್ಟು ಸಂದು ಬಿಡಬೇಕು ಎಂಬುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಮಾಲು ಮತ್ತು ಕೆಲಸ ಎರಡಕ್ಕೂ ಒಬ್ಬರೇ ಹೊಣೆ ಹೊರುವ ಹಾಗಿದ್ದರೆ ಇನ್ನೂ ಒಳ್ಳೆಯದು.

ವಿನೈಲ್ ಬೇಡ, ಲ್ಯಾಮಿನೇಟ್ ಹಾಕಿಸೋಣ ಎನ್ನುವವರಿಗೆ ಒಂದೇ ಮಾತು: ಅದರ ಒಳಗಿರುವುದು ಮರದ ನಾರಿನ ಒತ್ತು ಹಲಗೆ. ಸೆಕೆಗೆ ದಿನಾ ಸಂಜೆ ನೆಲ ಒದ್ದೆ ಮಾಡಿ ಒರೆಸುವವರ ಮನೆಯಲ್ಲಿ ಅಂಚುಗಳು ಊದಿಕೊಳ್ಳುತ್ತವೆ.

ಟೈಲ್ಸ್ ಅಂದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ಅದೇ ಕಾಂಟ್ರಾಕ್ಟರ್ ಬಾಲ್ಕನಿಗೆ ಕಡುಬೂದು ಬಣ್ಣದ ದೊಡ್ಡ ಟೈಲ್ಸ್ ಹಾಕಿದ್ದರು. ಒಂದಕ್ಕೊಂದು ಒತ್ತಿ, ಸಂದೇ ಕಾಣದ ಹಾಗೆ. ನೋಡಲು ಚಂದವೇ. ಟೈಲ್ಸ್ ಹಿಗ್ಗುವುದು ಕಡಿಮೆ ಎಂದೆನಲ್ಲ, ಆದರೆ ತೆರೆದ ಬಿಸಿಲಲ್ಲಿ ಆ ಕಡಿಮೆಯೂ ಸಾಕು. ಒಂದು ಮಧ್ಯಾಹ್ನ ಪಟ್ ಎಂದು ಸದ್ದಾಗಿ ಎರಡು ಟೈಲ್ಸ್ ಗುಡಾರದ ಹಾಗೆ ಎದ್ದು ಕೂತವು. ಕೆಳಗೆ ನೋಡಿದರೆ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಗಾರೆ, ಉಳಿದದ್ದೆಲ್ಲ ಪೊಳ್ಳು. ಬಿಸಿಲಿರುವ ಕಡೆ ಟೈಲ್ಸ್‌ಗೆ ಸ್ಪೇಸರ್ ಇಡಿಸಿ, ತಳದ ತುಂಬ ಅಂಟು ಹರಡಿಸಿ, ಸುಮಾರು ಮೂರು ಮೀಟರಿಗೊಂದರಂತೆ ಮತ್ತು ಗೋಡೆಯ ಬದಿಗೆ ಸಿಮೆಂಟ್ ಗ್ರೌಟ್ ಬದಲು ಮೆತ್ತಗಿನ ಸೀಲಂಟ್ ತುಂಬಿಸಿ. ಒಣಗಿದ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಡಬ್ ಎಂದು ಪೊಳ್ಳು ಸದ್ದು ಬಂದದ್ದನ್ನು ಮೇಸ್ತ್ರಿ ಇರುವಾಗಲೇ ತೆಗೆಸಿ ಮತ್ತೆ ಹಾಕಿಸಿ. ಮುಖ ಗಂಟಿಕ್ಕಿಕೊಳ್ಳುತ್ತಾರೆ, ಇಕ್ಕಿಕೊಳ್ಳಲಿ.

ಹಾಲ್‌ಗೆ ಈಗ ತಿಳಿ ಕೆನೆಬಣ್ಣದ ಮ್ಯಾಟ್ ವಿಟ್ರಿಫೈಡ್ ಟೈಲ್ಸ್ ಬಂದಿದೆ, ಫೋಮ್ ಇಲ್ಲದೆ ನೇರವಾಗಿ ಸ್ಲ್ಯಾಬಿನ ಮೇಲೆ. ಹೊಳಪಿನದ್ದು ಬೇಡವೆಂದೆ, ಬಿಸಿಲು ಅದರ ಮೇಲೆ ಬಿದ್ದರೆ ಕಣ್ಣು ಕುಕ್ಕುತ್ತದೆ, ಒದ್ದೆಯಾದರೆ ಜಾರುತ್ತದೆ. ಕೂದಲು, ಧೂಳು ಎಲ್ಲ ಕಾಣುತ್ತದೆ ಎಂಬ ಗೊಣಗಾಟ ಮನೆಯಲ್ಲಿ ಇದ್ದೇ ಇದೆ. ಈ ಸಲ ಟೈಲ್ಸ್ ಆರಿಸುವಾಗ ನಾಲ್ಕು ಬಣ್ಣದ ತುಂಡುಗಳನ್ನು ಮನೆಗೆ ತಂದು, ಮಧ್ಯಾಹ್ನದ ಬಿಸಿಲಲ್ಲಿ ಅದೇ ಕಿಟಕಿಯ ಮುಂದಿಟ್ಟು, ಒಂದು ಗಂಟೆ ಬಿಟ್ಟು ಒಂದೊಂದರ ಮೇಲೂ ಅಂಗಾಲು ಇಟ್ಟು ನೋಡಿದೆವು. ಗಾಢ ಬಣ್ಣದವು ಅಲ್ಲೇ ಪಟ್ಟಿಯಿಂದ ಹೊರಬಿದ್ದವು. ತುಂಡು ಮನೆಗೆ ಒಯ್ಯಲು ಬಿಡುವುದಿಲ್ಲ ಎನ್ನುವ ಅಂಗಡಿಗಳೂ ಸಿಕ್ಕವು, ಅಲ್ಲಿ ಕೊಳ್ಳಲಿಲ್ಲ.