ಮಾರುತಿ 800ಕ್ಕೆ ಗುಜರಿ ಸಾಮಾನು: ಕಾಸರಗೋಡಿನ ಉಪ್ಪುಗಾಳಿಯಲ್ಲಿ ಬಾಳಿದ್ದು, ಬಾಳದ್ದು

ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್ ಈಗಲೂ ಹೊಸತೇ ಸಿಗುತ್ತವೆ. ಬಾಗಿಲು, ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ ಬೇಕಾದರೆ ಮಾತ್ರ ಹಳೆ ಗಾಡಿ ಬಿಚ್ಚಿದವರನ್ನೇ ಹುಡುಕಬೇಕು.

ಬೆಲೆ ಕೇಳುವ ಮೊದಲು ಗಾಡಿ ಎಲ್ಲಿ ಓಡಿದ್ದು ಎಂದು ಕೇಳಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ನಿಂತ ಗಾಡಿಯ ರೇಡಿಯೇಟರ್ ಫಿನ್ ಬೆರಳು ತಾಗಿದರೆ ಪುಡಿಯಾಗುತ್ತದೆ, ವಯರಿನ ತಾಮ್ರ ಹಸಿರು ಹಿಡಿದಿರುತ್ತದೆ. ಒಳನಾಡಿನ ಗುಡ್ಡದ ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಗಾಡಿಗಳ ಬಾಡಿ ಗಟ್ಟಿ, ಆದರೆ ಏರುತಗ್ಗಿನಲ್ಲಿ ಕ್ಲಚ್, ಲೋವರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ಸವೆದಿರುತ್ತವೆ. ಹಾಗಾಗಿ ಬಾಡಿ ಮತ್ತು ಕರೆಂಟಿನ ಸಾಮಾನು ಗುಡ್ಡದ ಕಡೆಯದ್ದೇ ಆಗಲಿ. ಗೇರ್ ಬಾಕ್ಸಿನ ಒಳಭಾಗ ಎಣ್ಣೆಯಲ್ಲೇ ಇರುವುದರಿಂದ ಕಡಲ ಬದಿಯದ್ದಾದರೂ ತೊಂದರೆಯಿಲ್ಲ.

ಮಾದರಿ ತಪ್ಪಿದರೆ ದುಡ್ಡು ನೀರಿಗೆ. 800ರಲ್ಲೇ 1983ರ ಮೊದಲ ಮಾದರಿ ಎಸ್‌ಎಸ್80ಗೂ 1986ರಲ್ಲಿ ಬಂದ ಎಸ್‌ಬಿ308ಗೂ ಬಾಡಿಯೇ ಬೇರೆ. ಬಾನೆಟ್, ಬಾಗಿಲು ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ‘796 ಸಿಸಿ’ ಎಂಬ ಒಂದೇ ಮಾತು ನಂಬಿ ಆಲ್ಟೋದ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ತರುವವರಿದ್ದಾರೆ. ಸಾಮಾನ್ಯ 800ರದ್ದು 6 ವಾಲ್ವಿನ ಎಫ್8ಬಿ ಎಂಜಿನ್, ಆಲ್ಟೋದ್ದು 12 ವಾಲ್ವಿನ ಎಫ್8ಡಿ. ಐದು ಗೇರಿನ ಕೆಲವು 800ರಲ್ಲೂ 12 ವಾಲ್ವ್ ಉಂಟು, ಎಣಿಸಿಯೇ ತನ್ನಿ. ಓಮ್ನಿಯ ಎಂಜಿನ್ ಸೀಟಿನಡಿ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಒಳಗಿನ ಹಲವು ಭಾಗ ಹೊಂದಿದರೂ ಗೇರ್ ಬಾಕ್ಸ್ 800ಕ್ಕೆ ಆಗದು.

ಹಳತು ಕೊಂಡದ್ದರಲ್ಲಿ ಹೆಚ್ಚು ಲಾಭ ಕಂಡದ್ದು ಸ್ಟಾರ್ಟರ್ ಮತ್ತು ಆಲ್ಟರ್ನೇಟರ್‌ನಲ್ಲಿ. ಸ್ಟಾರ್ಟರನ್ನು ವೈಸಿಗೆ ಬಿಗಿದು ಬ್ಯಾಟರಿ ಕೊಟ್ಟು ನೋಡಿ. ತುದಿಯ ಹಲ್ಲುಚಕ್ರ (ಪಿನಿಯನ್) ‘ಟಕ್’ ಎಂದು ಪೂರ್ತಿ ಮುಂದೆ ಹಾರಿ ಸಮವಾಗಿ ತಿರುಗಬೇಕು. ಹಾರಿದರೂ ತಿರುಗದಿದ್ದರೆ ಹೆಚ್ಚಾಗಿ ಬ್ರಷ್ ಸವೆದಿರುತ್ತದೆ ಅಥವಾ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿರುತ್ತದೆ. ಬ್ರಷ್, ಬುಷ್ ಎರಡೂ ಹೊಸತು ಹಾಕಿಸಿಯೇ ಕೂರಿಸುವುದು ಒಳ್ಳೆಯದು, ಮತ್ತೆ ಇಳಿಸುವ ಕೂಲಿ ಅದಕ್ಕಿಂತ ಜಾಸ್ತಿ. ಆಲ್ಟರ್ನೇಟರನ್ನು ಕೈಯಲ್ಲಿ ತಿರುಗಿಸಿದಾಗ ಗರಗರ ಕೇಳಿದರೆ ಬೇರಿಂಗ್ ಹೋಗಿದೆ, ಅದು ಸಣ್ಣ ಖರ್ಚು. ಗಾಡಿಗೆ ಕೂರಿಸಿ, ಹೆಡ್‌ಲೈಟ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿಯ ಎರಡು ತುದಿಯಲ್ಲಿ ಅಳೆಯಿರಿ. 13.8ರಿಂದ 14.5 ವೋಲ್ಟ್ ಸರಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿಸಿಬಿಡುತ್ತದೆ. ಇಷ್ಟು ನೋಡಿ ಕೂರಿಸಿದವು ಮಳೆಗಾಲ ಕಳೆದು ಮಳೆಗಾಲ ಬಂದರೂ ತಕರಾರು ಮಾಡಿಲ್ಲ.

ಕಾರ್ಬುರೇಟರ್ ವಿಷಯದಲ್ಲಿ ಅಷ್ಟು ಧೈರ್ಯ ಹೇಳಲಾರೆ. ಥ್ರಾಟಲ್ ಶಾಫ್ಟನ್ನು ಹಿಡಿದು ಅಲ್ಲಾಡಿಸಿ. ಲಟಪಟ ಎಂದರೆ ಅಲ್ಲೇ ಬಿಟ್ಟು ಬನ್ನಿ. ಆ ಸಂದಿನಿಂದ ಗಾಳಿ ಎಳೆದು ಐಡ್ಲಿಂಗ್ ನಿಲ್ಲುವುದೇ ಇಲ್ಲ. ರಿಪೇರಿ ಕಿಟ್ಟಿನಲ್ಲಿ ಗ್ಯಾಸ್ಕೆಟ್, ಡಯಾಫ್ರಾಮ್ ಬಂದೀತು, ಶಾಫ್ಟಿನ ಸವೆತಕ್ಕೆ ಅದರಲ್ಲಿ ಮದ್ದಿಲ್ಲ.

ಹೆಡ್ಡಿನ ಮೇಲೆ ನೇರ ಪಟ್ಟಿಯಿಟ್ಟು, 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಅಡಿಯಲ್ಲಿ ಸಲೀಸಾಗಿ ನುಗ್ಗಿದರೆ ಫೇಸಿಂಗ್ ಮಾಡಿಸಿ ಮೈ ಸಮ ಮಾಡಿಸಲೇಬೇಕು. ಪೋರ್ಟಿಗೆ ಸೀಮೆಎಣ್ಣೆ ಹೊಯ್ದಾಗ ವಾಲ್ವಿನ ಕೆಳಗೆ ತೊಟ್ಟಿಕ್ಕಿದರೆ ವಾಲ್ವ್ ಗ್ರೈಂಡಿಂಗ್ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ. ಬಾಗಿಲಿಗೆ ಒಂದು ಅಯಸ್ಕಾಂತ ಸಾಕು: ಹಿಡಿಯದ ಜಾಗದಲ್ಲಿ ಪುಟ್ಟಿ ಮೆತ್ತಿದೆ. ಕೆಳಗಿನ ಅಂಚಿನ ನೀರು ಹೋಗುವ ತೂತು ಮುಚ್ಚಿದ್ದರೆ ಒಳಗಿಂದ ತುಕ್ಕು ತಿಂದಿರುತ್ತದೆ.

ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ವೀಲ್ ಸಿಲಿಂಡರ್, ಬ್ರೇಕ್ ಹೋಸ್ ಹಳತು ಪುಕ್ಕಟೆ ಸಿಕ್ಕರೂ ಬೇಡ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಉಳಿದ ಸಾಮಾನಿಗೆ ಹೊಸತರ ಅರ್ಧಕ್ಕಿಂತ ಹೆಚ್ಚು ಕೇಳಿದರೆ ಹೊಸತೇ ತೆಗೆದುಕೊಳ್ಳಿ.

ಪೂರ್ತಿ ಎಂಜಿನ್ ಕೊಂಡರೆ ಕಾಗದ ಮುಖ್ಯ. ಕೊಡುವವರ ಆರ್‌ಸಿ ನಕಲು, ಸಹಿ ಹಾಕಿದ ಮಾರಾಟ ಪತ್ರ ಬೇಕು. ಕೆಎಲ್ 14 (ಕಾಸರಗೋಡು ನೋಂದಣಿ) ಗಾಡಿಗೆ ಕೆಎಲ್ 14ರದ್ದೇ ಎಂಜಿನ್ ಹಾಕಿದರೂ ನಂಬರ್ ಬದಲಾದದ್ದು ಆರ್‌ಸಿಯಲ್ಲಿ ದಾಖಲಾಗಬೇಕು. ನಂಬರ್ ಉಜ್ಜಿದ್ದರೆ ಮುಟ್ಟಬೇಡಿ.

ಮಾರುವವರಿಗೂ ಒಂದು ಮಾತು. ಗಾಡಿಯ ವರ್ಷ, ಪಾರ್ಟ್ ನಂಬರ್, ಕನೆಕ್ಟರ್ ಮೂರೂ ಕಾಣುವ ಫೋಟೋ ಹಾಕಿದರೆ ಅರ್ಧ ಫೋನ್ ಕರೆ ತಪ್ಪುತ್ತದೆ. ವಯರಿಂಗನ್ನು ಕನೆಕ್ಟರ್ ಸಮೇತ ಬಿಚ್ಚಿ, ಕತ್ತರಿಸಬೇಡಿ. ಗೇರ್ ಬಾಕ್ಸನ್ನು ಬಸ್ ಪಾರ್ಸೆಲಿಗೆ ಹಾಕುವುದಾದರೆ ಎಣ್ಣೆ ಪೂರ್ತಿ ಇಳಿಸಿ, ಡ್ರೈವ್ ಶಾಫ್ಟಿನ ಎರಡೂ ತೂತಿಗೆ ಬಟ್ಟೆ ತುರುಕಿ ಟೇಪ್ ಸುತ್ತಿ. ಇಲ್ಲದಿದ್ದರೆ ಪಕ್ಕದವರ ಅಕ್ಕಿಮೂಟೆಗೆ ಎಣ್ಣೆ ಇಳಿದು, ದಂಡ ಕಟ್ಟುವುದು ನೀವೇ.